ಜನಾಭಿಪ್ರಾಯದ ಅಳತೆ: ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದಾಖಲೆಗಳಿಲ್ಲದೆ ನೆಲೆಸಿರುವ ವಲಸಿಗರ ಕುರಿತ ಚರ್ಚೆಯಲ್ಲಿ, ಜನರು ಗಡೀಪಾರನ್ನು ಬಯಸುತ್ತಾರೆ ಎಂದು ಒಂದು ಪಕ್ಷವೂ ಪೌರತ್ವವನ್ನು ಬಯಸುತ್ತಾರೆ ಎಂದು ಇನ್ನೊಂದು ಪಕ್ಷವೂ ವಾದಿಸುವುದುಂಟು. ಎರಡೂ ಪಕ್ಷಗಳು ಸಮೀಕ್ಷೆಯ ಅಂಕಿಗಳನ್ನೇ ಮುಂದಿಡುತ್ತವೆ.

ಗ್ಯಾಲಪ್ ಸಂಸ್ಥೆಯ 2024ರ ಸಮೀಕ್ಷೆಯನ್ನು ಗಮನಿಸಬಹುದು. ಅಂತಹ ವಲಸಿಗರೆಲ್ಲರನ್ನೂ ಸ್ವದೇಶಕ್ಕೆ ಕಳುಹಿಸುವುದನ್ನು ಶೇ. 47ರಷ್ಟು ಜನರು ಒಪ್ಪಿದರು. ನಿಬಂಧನೆಗಳನ್ನು ಪೂರೈಸಿದವರಿಗೆ ಪೌರತ್ವದ ಅವಕಾಶ ನೀಡುವುದನ್ನು ಶೇ. 70ರಷ್ಟು ಜನರು ಒಪ್ಪಿದರು. ಕೂಡಿಸಿದರೆ 117, ಅಂದರೆ ಹಲವರು ಎರಡಕ್ಕೂ ‘ಹೌದು’ ಎಂದಿದ್ದಾರೆ. ಕಾನೂನು ಪಾಲನೆಯಾಗಬೇಕೆಂಬ ನಿರೀಕ್ಷೆಯೂ ಬಹುಕಾಲ ದುಡಿದು ಬಾಳಿದವರ ಬಗೆಗಿನ ಕನಿಕರವೂ ಒಂದೇ ಮನಸ್ಸಿನಲ್ಲಿ ಇರಬಲ್ಲವು. ಯಾವುದು ಹೊರಬರುವುದೆಂಬುದು ಪ್ರಶ್ನೆಯನ್ನು ಅವಲಂಬಿಸಿದೆ.

ಕಾಲವೂ ಉತ್ತರವನ್ನು ಬದಲಿಸುತ್ತದೆ. 2025ರಲ್ಲಿ ಗಡೀಪಾರಿನ ಬೆಂಬಲ ಶೇ. 38ಕ್ಕೆ ಇಳಿಯಿತು. ಸಾವಿರ ಜನರ ಸಮೀಕ್ಷೆಯಲ್ಲಿ ಎರಡು ಮೂರು ಅಂಶಗಳ ಏರಿಳಿತ ಆಕಸ್ಮಿಕವಾಗಿರಬಹುದು. ಒಂಬತ್ತು ಅಂಶಗಳ ಇಳಿಕೆಯನ್ನು ಹಾಗೆ ತಳ್ಳಿಹಾಕಲಾಗದು.

ತರಗತಿಯಲ್ಲಿ ಇದನ್ನು ಸುಲಭವಾಗಿ ತೋರಿಸಬಹುದು. ಶಿಕ್ಷಕರು ಅರ್ಧ ಮಕ್ಕಳಿಗೆ ‘ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಬೇಕೆ?’ ಎಂಬ ಚೀಟಿಯನ್ನೂ, ಉಳಿದವರಿಗೆ ‘ಬಸ್ಸು ತಪ್ಪಿ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸಬೇಕೆ?’ ಎಂಬ ಚೀಟಿಯನ್ನೂ ಕೊಟ್ಟು, ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಎಣಿಸಲಿ. ಇಂತಹ ಅಂಕಿಗಳನ್ನು ಮುಂದಿಟ್ಟುಕೊಂಡು ಕುಟುಂಬಗಳ ಭವಿಷ್ಯವನ್ನು ನಿರ್ಧರಿಸುವುದುಂಟು. ಆದ್ದರಿಂದ ‘ಎಷ್ಟು ಜನ ಒಪ್ಪಿದರು?’ ಎನ್ನುವ ಮೊದಲು ‘ಅವರನ್ನು ಏನೆಂದು ಕೇಳಲಾಯಿತು?’ ಎಂದು ವಿಚಾರಿಸುವುದನ್ನು ಮಕ್ಕಳು ರೂಢಿಸಿಕೊಳ್ಳಬೇಕು.