ಜೇನ್ನೊಣಗಳೂ ಕೀಟನಾಶಕಗಳೂ

ನಮ್ಮ ಜನಕಪುರಿಯಿಂದ ನಜಫಗಢವನ್ನು ದಾಟಿ ಹರಿಯಾಣದ ಕಡೆಗೆ ಸಾಗಿದರೆ, ಮಾಘಮಾಸದಲ್ಲಿ ಸಾಸಿವೆಯ ಹೊಲಗಳು ಹಳದಿಯ ಹಚ್ಚಡ ಹೊದ್ದಂತೆ ಶೋಭಿಸುತ್ತವೆ. ಅಲ್ಲಲ್ಲಿ ಹೊಲದ ಅಂಚಿನಲ್ಲಿ ಜೇನುಪೆಟ್ಟಿಗೆಗಳ ಸಾಲು ಕಾಣುತ್ತದೆ. ನೊಣಗಳಿಗೆ ಮಕರಂದವೂ ಪರಾಗವೂ ದೊರೆಯುತ್ತವೆ. ಅವುಗಳ ಸಂಚಾರದಿಂದ ಪೈರು ಹೆಚ್ಚು ಕಾಯಿ ಕಟ್ಟುತ್ತದೆ. ಆದರೆ ಅದೇ ಸಾಸಿವೆಗೆ ಸಸ್ಯಹೇನಿನ ಬಾಧೆಯೂ ಉಂಟು. ಅದನ್ನು ಕೊಲ್ಲಲೆಂದು ಸಿಂಪಡಿಸಿದ ವಿಷವು ಮಿತ್ರರಾರು, ಶತ್ರುಗಳಾರು ಎಂದು ವಿಚಾರಿಸುವುದಿಲ್ಲ.

2008ರ ವಸಂತದಲ್ಲಿ ಜರ್ಮನಿಯ ರೈನ್ ನದಿಯ ಕಣಿವೆಯಲ್ಲಿ ಮುಸುಕಿನ ಜೋಳದ ಬೀಜಕ್ಕೆ ಲೇಪಿಸಿದ್ದ ಕ್ಲೋಥಿಯಾನಿಡಿನ್ ಎಂಬ ವಿಷವು ಬಿತ್ತನೆಯ ಕಾಲದಲ್ಲಿ ಧೂಳಾಗಿ ಹಾರಿ, ಸಾವಿರಾರು ಜೇನುಗೂಡುಗಳಿಗೆ ಹಾನಿಯಾಯಿತು. ಇಂತಹ ಸಾವು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ನೊಣ ಸಾಯದೆ, ಅದರ ಸಂತಾನಶಕ್ತಿ ಮಾತ್ರ ಕುಂದಿದರೆ ಅದು ಯಾರ ಕಣ್ಣಿಗೆ ಬಿದ್ದೀತು?

ಇದನ್ನು ಅರಿಯಲು ಗೂಡಿನ ಸಂಸಾರವನ್ನು ತುಸು ನೋಡಬೇಕು. ಸಾವಿರಾರು ನೊಣಗಳ ಗೂಡಿಗೆ ತಾಯಿ ಒಬ್ಬಳೇ, ಅವಳೇ ರಾಣಿ. ಎಳೆಯ ಪ್ರಾಯದಲ್ಲಿ ಅವಳು ಹೊರಗೆ ಹಾರಿ, ಆಕಾಶದಲ್ಲಿಯೇ ಹತ್ತಿಪ್ಪತ್ತು ಗಂಡುನೊಣಗಳೊಡನೆ ಕೂಡಿ ಹಿಂದಿರುಗುತ್ತಾಳೆ. ಆಗ ಪಡೆದ ವೀರ್ಯಾಣುಗಳನ್ನು ಒಡಲಿನ ಪುಟ್ಟ ಚೀಲವೊಂದರಲ್ಲಿ ವರ್ಷಗಟ್ಟಲೆ ಜೀವಂತವಾಗಿ ಕಾಪಾಡಿಕೊಳ್ಳುತ್ತಾಳೆ. ವೀರ್ಯಾಣು ಕೂಡಿದ ಮೊಟ್ಟೆಯಿಂದ ಹೆಣ್ಣುನೊಣ ಹುಟ್ಟುತ್ತದೆ. ಕೂಡದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಗೂಡಿನ ದುಡಿಮೆಯೆಲ್ಲ ಹೆಣ್ಣುನೊಣಗಳದು. ಹೂವಿನ ಕಾಲದಲ್ಲಿ ಅವುಗಳ ಆಯುಸ್ಸು ಸುಮಾರು ಆರು ವಾರ ಮಾತ್ರ. ಆದ್ದರಿಂದ ರಾಣಿಯ ಚೀಲದಲ್ಲಿರುವ ವೀರ್ಯಾಣುಗಳು ಸತ್ತರೆ ದುಡಿಯುವವರು ಹುಟ್ಟುವುದಿಲ್ಲ. ಹೊಸ ರಾಣಿ ದೊರೆಯದಿದ್ದರೆ ಗೂಡು ಅಳಿಯುತ್ತದೆ.

ಹೊಗೆಸೊಪ್ಪಿನ ನಿಕೋಟಿನ್ನನ್ನು ಹೋಲುವ ನಿಯೋನಿಕೋಟಿನಾಯ್ಡ್ ಎಂಬ ಕೀಟನಾಶಕಗಳು ಗಿಡದೊಳಗೆ ಹರಿದು ಪರಾಗವನ್ನೂ ಸೇರುತ್ತವೆ. ಹೊಲದಲ್ಲಿ ಕಂಡುಬರುವಷ್ಟೇ ಅಲ್ಪ ಪ್ರಮಾಣದಲ್ಲಿ ಇಂತಹ ಎರಡು ವಿಷಗಳನ್ನು ಪರಾಗದಲ್ಲಿ ಬೆರೆಸಿ ಗೂಡುಗಳಿಗೆ ಉಣಿಸಿದಾಗ, ಅಲ್ಲಿ ಬೆಳೆದ ಗಂಡುನೊಣಗಳ ಆಯುಸ್ಸು ಕುಗ್ಗಿತು. ಜೀವಂತ ವೀರ್ಯಾಣುಗಳು ಶೇಕಡಾ 39ರಷ್ಟು ಕಡಿಮೆಯಾದವು ಎಂದು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತಿಳಿಸಿದರು. ಯೂರೋಪಿನ ಒಕ್ಕೂಟವು ಈ ವರ್ಗದ ಮೂರು ವಿಷಗಳನ್ನು ಬಯಲು ಹೊಲಗಳಲ್ಲಿ ಬಳಸಬಾರದೆಂದು 2018ರಲ್ಲಿ ವಿಧಿಸಿತು.

ವಿಷವು ಹೊಲದಿಂದಲೇ ಬರಬೇಕೆಂದಿಲ್ಲ; ಮದ್ದಿನ ರೂಪದಲ್ಲಿ ಗೂಡಿನೊಳಗೂ ಬರಬಹುದು. ವರೋವಾ ಎಂಬ ನುಸಿ ಮೊದಲು ನಮ್ಮ ಏಷ್ಯಾದ ತುಡುವೆ ಜೇನಿನ ಮೇಲೆ ಬದುಕುತ್ತಿತ್ತು. ತುಡುವೆ ಅದನ್ನು ಮೈಯಿಂದ ಹೆಕ್ಕಿ ಹೊರಹಾಕಬಲ್ಲದು. ಆದರೆ 1962ರಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಗೊಂಡು, ಇಂದು ಉತ್ತರ ಭಾರತದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿರುವ ಯೂರೋಪಿನ ಜೇನಿಗೆ ಆ ಸಾಮರ್ಥ್ಯ ಸಾಲದು. ಅದಕ್ಕೆ ಜಗತ್ತಿನಾದ್ಯಂತ ಫ್ಲುವಾಲಿನೇಟ್, ಕೂಮಾಫಾಸ್ ಮೊದಲಾದ ನುಸಿಮದ್ದುಗಳನ್ನು ಬಳಸಿದರು. ಇವು ಮೇಣದಲ್ಲಿ ಇಂಗಿ ವರ್ಷಗಟ್ಟಲೆ ಉಳಿಯುತ್ತವೆ. ಕೂಮಾಫಾಸ್ ಇಂಗಿದ ಮೇಣದಲ್ಲಿ ಬೆಳೆದ ರಾಣಿಯರ ತೂಕ ಕಡಿಮೆಯಾಗುತ್ತದೆ. ಆ ಮದ್ದು ಗಂಡುನೊಣಗಳ ವೀರ್ಯಾಣುಗಳನ್ನೂ ಕೆಡಿಸುತ್ತದೆ.

ಹಾಗಾದರೆ ಮದ್ದೇ ಬೇಡವೆ? ಹಾಗೆನ್ನಲಾಗದು. ನುಸಿಯನ್ನು ಹಾಗೆಯೇ ಬಿಟ್ಟರೆ ಅದು ವೈರಾಣುಗಳನ್ನು ಹರಡಿ ಗೂಡನ್ನೇ ನಾಶಮಾಡುತ್ತದೆ. ಓಮದಲ್ಲಿರುವ ಥೈಮಾಲ್, ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲ ಇವು ಮೇಣದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಆದರೂ ಕಡುಬೇಸಗೆಯಲ್ಲಿ ಫಾರ್ಮಿಕ್ ಆಮ್ಲದ ಆವಿ ರಾಣಿಯನ್ನೇ ಕೊಲ್ಲಬಹುದು. ನುಸಿಯು ಗಂಡುಮರಿಗಳ ಕೋಶಗಳನ್ನು ಹೆಚ್ಚು ಬಯಸುವುದರಿಂದ ಅಂತಹ ಎರಿಯನ್ನು ಕೊಯ್ದು ತೆಗೆಯುವುದು, ಹಳೆಯ ಮೇಣವನ್ನು ಆಗಾಗ ಬದಲಿಸುವುದು, ಅಗತ್ಯವಿದ್ದಾಗ ಮಾತ್ರ ತಕ್ಕ ಅಳತೆಯಲ್ಲಿ ಮದ್ದು ಕೊಡುವುದು, ಇವು ವಿವೇಕದ ಮಾರ್ಗಗಳು.

ಸಂತಾನಶಕ್ತಿಯ ಬೆಲೆ ಎಷ್ಟೆಂಬುದನ್ನು ನಮ್ಮ ನಾಡೇ ಕಂಡಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣುರೋಗವು ಕರ್ನಾಟಕಕ್ಕೆ ಹಬ್ಬಿ, ತುಡುವೆಯ ಬಹುಪಾಲು ಕುಟುಂಬಗಳನ್ನು ಅಳಿಸಿತು. ಅದಕ್ಕೆ ಮದ್ದಿರಲಿಲ್ಲ. ಅಳಿದುಳಿದ ಗೂಡುಗಳ ಸಂತತಿಯಿಂದಲೇ ಜೇನುಸಾಕಣೆ ಮತ್ತೆ ಚಿಗುರಬೇಕಾಯಿತು. ಅಂದು ಉಳಿದ ರಾಣಿಯರೂ ಬಂಜೆಯರಾಗಿದ್ದರೆ ಆ ಚಿಗುರೆಲ್ಲಿಂದ ಬರುತ್ತಿತ್ತು?

ಹೂ ಬಿಟ್ಟ ಪೈರಿಗೆ ವಿಷ ಹಾಕದಿರುವುದು ಲೇಸು. ಹಾಕಲೇಬೇಕಾದರೆ ನೊಣಗಳು ಗೂಡು ಸೇರಿದ ಸಂಜೆಯ ವೇಳೆ ಸಿಂಪಡಿಸಬೇಕು, ಸಾಕಣೆಗಾರನಿಗೆ ಮೊದಲೇ ತಿಳಿಸಬೇಕು. ನಗರವಾಸಿಗಳಾದ ನಮಗೂ ಕರ್ತವ್ಯವುಂಟು. ಮೊಗಸಾಲೆಯ ಕುಂಡದಲ್ಲಿ ಹೂವರಳಿದಾಗ ಅದಕ್ಕೆ ಕೀಟನಾಶಕವನ್ನು ಎರಚದಿರೋಣ. ನೀರಿನ ತೊಟ್ಟಿಯ ಕೆಳಗೆ ಹೆಜ್ಜೇನು ಕಟ್ಟಿದರೆ ವಿಷ ಹೊಡೆಸದೆ, ಹಿರಿಯರ ಮೂಲಕ ಬಲ್ಲವರನ್ನು ಕರೆಸೋಣ. ಒಂದು ಚಮಚ ಜೇನಿನ ಹಿಂದೆ ಅಸಂಖ್ಯ ನೊಣಗಳ ದುಡಿಮೆಯಿದೆ. ಆ ದುಡಿಮೆಯ ಹಿಂದೆ ಒಬ್ಬ ತಾಯಿಯ ಆರೋಗ್ಯವಿದೆ.