ಅಂಗವಿಕಲರ ಸೌಲಭ್ಯವೂ ಮೇಲ್ಮನವಿಯ ಹಕ್ಕೂ

ಕಚೇರಿಯಲ್ಲಿ ‘ಆಗುವುದಿಲ್ಲ’ ಎಂಬ ಬಾಯಿಮಾತು ಕೇಳಿದೊಡನೆ ಮನೆಗೆ ಮರಳಿ, ಮತ್ತೆ ಅತ್ತ ಸುಳಿಯದ ಪಾಲಕರನ್ನು ನಾವು ಕಂಡಿದ್ದೇವೆ. ನಷ್ಟವಾಗುವುದು ಮಗುವಿಗೆ.

ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮೊದಲು ಬೇಕಾದುದು ಪ್ರಮಾಣಪತ್ರ. ಅದಕ್ಕಾಗಿ ‘ಸ್ವಾವಲಂಬನ’ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲದಿದ್ದರೆ ಹಲವು ಸೌಲಭ್ಯಗಳು ದೊರೆಯುತ್ತವೆ. ಬಡ ಕುಟುಂಬದವರು ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ಮಾಸಾಶನಕ್ಕೆ ಚಂದಗಡದ ತಹಶೀಲ್ದಾರ ಕಚೇರಿಯಲ್ಲಿ ಅರ್ಜಿ ಕೊಡಬಹುದು.

ಪ್ರಮಾಣಪತ್ರವನ್ನು ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದೆಂದು ನಿಯಮವಿದೆ. ನಿರಾಕರಿಸಿದರೂ, ಶೇಕಡಾ ಪ್ರಮಾಣವನ್ನು ಕಡಿಮೆ ಬರೆದರೂ, ಅಧಿನಿಯಮದ 59ನೆಯ ಕಲಮಿನಂತೆ ಮೇಲ್ಮನವಿಯ ಹಕ್ಕುಂಟು. ಆದುದರಿಂದ ಕಾರಣವನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ. ಅವಧಿ ಮೀರುವ ಮೊದಲೇ ಮೇಲ್ಮನವಿ ಸಲ್ಲಿಸಿ, ಪಾವತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.

ಮರಾಠಿ ಬರೆಯಲು ಬಾರದೆಂದು ಅಂಜಬೇಕಾಗಿಲ್ಲ. ಸಂವಿಧಾನದ 350ನೆಯ ಅನುಚ್ಛೇದದಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಅಹವಾಲನ್ನು ಸಲ್ಲಿಸಬಹುದು, ಕನ್ನಡದಲ್ಲಿಯೂ ಸಲ್ಲಿಸಬಹುದು. ಕೆಲಸ ಬೇಗನೆ ಸಾಗಲು ಜೊತೆಗೊಂದು ಮರಾಠಿ ಪ್ರತಿಯಿದ್ದರೆ ಒಳಿತು. ಅದನ್ನು ಬರೆದುಕೊಡಲು ನಾವು ಶಿಕ್ಷಕರೆಲ್ಲರೂ ಸಿದ್ಧರಿದ್ದೇವೆ.

ಮಕ್ಕಳೇ, ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಈ ಪುಟವನ್ನು ಇಂದೇ ಅವರಿಗೆ ಓದಿ ಹೇಳಿರಿ.