ತೂಕ ಇಳಿಸುವ ಶಸ್ತ್ರಕ್ರಿಯೆಯ ನಂತರವೂ ಹಸಿವು ಏಕೆ?



ಕಬ್ಬಿನ ಪತ್ರಿಕೆಯಲ್ಲಿ ಹೊಟ್ಟೆಯ ಆಪರೇಶನ್ ವಿಷಯವೇಕೆ ಎಂದು ತಾವು ಕೇಳಬಹುದು. ಅತಿ ತೂಕಕ್ಕೂ ಅದರ ಬೆನ್ನಿಗೆ ಬರುವ ಸಕ್ಕರೆ ಬೇನೆಗೂ ಜಠರದ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವವರು ಈಗ ಶಹರದವರಷ್ಟೇ ಅಲ್ಲ. ಶಸ್ತ್ರಕ್ರಿಯೆಯಾದ ಮೊದಲಿನ ಕೆಲವು ತಿಂಗಳು ಎಲ್ಲವೂ ಸುರಳೀತ ನಡೆಯುತ್ತದೆ. ಆಮೇಲೊಂದು ದಿನ ಆ ಮನುಷ್ಯ "ಹಸಿವಾಗ್ತದ" ಎಂದರೆ ಸಾಕು, "ಇಷ್ಟು ರೊಕ್ಕ ಸುರಿದದ್ದು ನೀರಾಗ ಹೋತು" ಎಂದು ಮನೆಯವರು ಗದರುತ್ತಾರೆ. ಅಂದಿನಿಂದ ಅವನು ಹಸಿವನ್ನು ಮುಚ್ಚಿಡುತ್ತಾನೆ, ಡಾಕ್ಟರರಿಗೂ ಹೇಳುವುದಿಲ್ಲ. ತೊಂದರೆ ಬೆಳೆಯುವುದು ಇಲ್ಲಿಂದಲೇ.

ಹೊಟ್ಟೆ ಬರಿದಾದ ಮಾತ್ರಕ್ಕೆ ಹಸಿವು ಬರುವುದಿಲ್ಲ. ಜಠರದ ಮೇಲ್ಭಾಗದಿಂದ ಗ್ರೆಲಿನ್ ಎಂಬ ರಸ ರಕ್ತಕ್ಕೆ ಸೇರಿ, ಊಟದ ಹೊತ್ತಾಯಿತೆಂದು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಇದನ್ನು ಕಂಡುಹಿಡಿದರು. ‘ಸ್ಲೀವ್’ ಎಂಬ ಶಸ್ತ್ರಕ್ರಿಯೆಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಗ್ರೆಲಿನ್ ಹುಟ್ಟುವ ಜಾಗದ ಬಹುಭಾಗವೂ ಅದರೊಡನೆ ಹೋಗುತ್ತದೆ. ‘ಬೈಪಾಸ್’ ಮಾಡಿದಾಗ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅನ್ನ ಕರುಳಿಗೆ ಬೇಗ ಇಳಿಯುವುದರಿಂದ "ಸಾಕು" ಎನ್ನುವ ರಸಗಳು ಹೆಚ್ಚುತ್ತವೆ. ಇದನ್ನು ಮೊದಲು ಮಾಡಿದ್ದು 1966ರಲ್ಲಿ, ಅಮೇರಿಕೆಯ ಆಯೋವಾ ವಿಶ್ವವಿದ್ಯಾಲಯದಲ್ಲಿ.

ಹಾಗಾದರೆ ಹಸಿವು ಮರಳುವುದೇಕೆ? ಕಬ್ಬು ಕಡಿದು ಸಾಗಿಸಿದರೂ ಬುಡ ಜೀವ ಹಿಡಿದಿರುತ್ತದೆ, ನೀರು ಕಂಡೊಡನೆ ಕುಳೆ ಚಿಗುರುತ್ತದೆ. ಶರೀರದ ಗುಣವೂ ಹಾಗೆಯೇ. ತೂಕ ಇಳಿದಂತೆಲ್ಲ ಕಳೆದುದನ್ನು ಮರಳಿ ಪಡೆಯಲು ಅದು ಹವಣಿಸುತ್ತದೆ. ಬಾವು ಇಳಿದು, ಚೀಲ ತುಸು ಸಡಿಲಾಗಿ, ಮೊದಲಿಗಿಂತ ಎರಡು ತುತ್ತು ಹೆಚ್ಚು ಹಿಡಿಯುತ್ತದೆ. ಇದು ಸಹಜ. ಶಸ್ತ್ರಕ್ರಿಯೆ ಕೆಟ್ಟಿತೆಂದು ಅರ್ಥವಲ್ಲ, ರೋಗಿಯ ನಾಲಿಗೆಯ ಚಾಪಲ್ಯವೂ ಅಲ್ಲ.

ಆದರೆ ಹಸಿವಿನಂತೆ ತೋರುವುದೆಲ್ಲ ಹಸಿವಲ್ಲ. ಸುಳ್ಳು ಹಸಿವಿನ ದೊಡ್ಡ ಮೂಲ ಸಿಹಿ ಪಾನಕ. ಸಕ್ಕರೆ ಕಾರಖಾನೆಯ ಪತ್ರಿಕೆಯೇ ಇದನ್ನು ಬರೆಯುವುದು ವಿಚಿತ್ರವೆನಿಸಬಹುದು, ಆದರೂ ಬರೆಯಲೇಬೇಕು. ಮಾಗಿದ ಕಬ್ಬಿನ ಹಾಲಿನ ಬ್ರಿಕ್ಸ್ 18ರಿಂದ 20 ಇರುವುದು ತಮಗೆ ಗೊತ್ತೇ ಇದೆ. ಒಂದು ದೊಡ್ಡ ಗ್ಲಾಸ್ ಕುಡಿದರೆ 40 ಗ್ರಾಂ ಆಸುಪಾಸಿನ ಸಕ್ಕರೆ ಹೊಟ್ಟೆಗೆ ಬಿತ್ತು. ಬೈಪಾಸ್ ಆದವರಲ್ಲಿ ಅದು ತಡೆಯಿಲ್ಲದೆ ಕರುಳಿಗೆ ಹರಿಯುತ್ತದೆ. ಅರ್ಧ ತಾಸಿನೊಳಗೆ ಹೊಟ್ಟೆ ಕಿವುಚಿ, ಎದೆ ಬಡಿದು, ಭೇದಿಯಾಗಬಹುದು. ಇನ್ನು ಕೆಲವರಿಗೆ ಒಂದರಿಂದ ಮೂರು ತಾಸಿನ ಮೇಲೆ ತೊಂದರೆ. ಸಕ್ಕರೆ ಕಂಡು ಇನ್ಸುಲಿನ್ ಬೇಕಾದುದಕ್ಕಿಂತ ಹೆಚ್ಚು ಸುರಿದು ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ತಡೆಯಲಾರದ ಹಸಿವು! ಮತ್ತೆ ಸಿಹಿ ಬೇಕೆನಿಸುತ್ತದೆ, ಮತ್ತೆ ಅದೇ ಚಕ್ರ. ಬೆಲ್ಲದ ಚಹಾ, ಶರಬತ್ತು ಇವುಗಳದೂ ಇದೇ ಕಥೆ. ಸ್ಲೀವ್ ಆದವರಿಗೂ ಹೀಗಾಗುವುದುಂಟು.

ಕೈ ನಡುಗಿ ಕಣ್ಣು ಕತ್ತಲೆ ಬಂದಾಗ ಟ್ರ್ಯಾಕ್ಟರ್ ನಡೆಸಕೂಡದು, ಬಾವಿಯ ದಂಡೆಗೆ ಹೋಗಕೂಡದು. ಆ ಗಳಿಗೆಗೆ ಮಾತ್ರ ಎರಡು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, ಸುಧಾರಿಸಿದ ಮೇಲೆ ಮೊಸರೋ ಮೊಟ್ಟೆಯೋ ತಿನ್ನಬೇಕು. ಸಕ್ಕರೆ ಬೇನೆಯ ಹಳೆಯ ಗುಳಿಗೆ, ಇನ್ಸುಲಿನ್‌ಗಳನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಿದವರಿಗೂ ಹೀಗೆ ಆಗುತ್ತದೆ. ಆ ಪ್ರಮಾಣವನ್ನು ಡಾಕ್ಟರರೇ ಇಳಿಸಿಕೊಡಬೇಕು.

ನೀರಡಿಕೆಯೂ ಹಸಿವಿನ ವೇಷ ಹಾಕುತ್ತದೆ. ಕಬ್ಬು ಕಡಿಯುವ ಬಿಸಿಲಿನಲ್ಲಂತೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಆದರೆ ಊಟದ ಜೊತೆಗೆ ಬೇಡ, ಊಟವಾಗಿ ಅರ್ಧ ತಾಸು ಬಿಟ್ಟು ಕುಡಿಯಿರಿ. ಎದೆ ಉರಿ, ಹುಳಿ ತೇಗುಗಳನ್ನೂ ಕೆಲವರು ಹಸಿವೆಂದು ತಿಳಿದು ತಿನ್ನುತ್ತಾರೆ.

ನಿಜವಾದ ಹಸಿವಿಗೆ ಊಟವೇ ಮದ್ದು. ತಾಟಿನಲ್ಲಿ ಮೊದಲು ಗಟ್ಟಿ ಬೇಳೆ, ಮೊಳಕೆ ಹೆಸರು, ಝುಣಕ, ಮೊಸರು, ಮೊಟ್ಟೆ ಇವುಗಳಿಗೆ ಕೈ ಹಾಕಿ. ಪಲ್ಯ ಆಮೇಲೆ, ರೊಟ್ಟಿ ಕೊನೆಗೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ ತಜ್ಞರು. ನಮ್ಮ ರೊಟ್ಟಿ ಊಟದಲ್ಲಿ ಇದು ತಾನಾಗಿ ಒದಗುವುದಿಲ್ಲ, ಲೆಕ್ಕವಿಟ್ಟೇ ತಿನ್ನಬೇಕು. ಬಿಸ್ಕೀಟು, ಚೂಡಾಗಳು ಚಹಾದ ಜೊತೆ ಸರಕ್ಕನೆ ಜಾರಿ ಹೋಗುತ್ತವೆ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ತೂಕ ಮಾತ್ರ ಏರಿಸುತ್ತವೆ. ಮನೆಯ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ, ಮಧ್ಯಾಹ್ನ ಮೀರಿದ ಮೇಲೆ ಉಳಿದದ್ದನ್ನು ಉಣ್ಣುವುದು ವಾಡಿಕೆ. ಶಸ್ತ್ರಕ್ರಿಯೆಯಾದ ಹೆಣ್ಣುಮಗಳಿಗೆ ಅದು ಸಲ್ಲದು, ಅವಳ ತಾಟು ಹೊತ್ತಿಗೆ ಸರಿಯಾಗಿ ಮೊದಲು ಬರಲಿ.

ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಗುಳಿಗೆಗಳನ್ನು, ಹಸಿವಿರಲಿ ಬಿಡಲಿ, ಡಾಕ್ಟರರು ಬರೆದುಕೊಟ್ಟಂತೆ ಜೀವನಪೂರ್ತಿ ತಪ್ಪಿಸಕೂಡದು. ನಿಲ್ಲದ ವಾಂತಿ, ಕಪ್ಪು ಮಲ, ಬಿಡದ ಹೊಟ್ಟೆನೋವು ಕಂಡರೆ ಅದೇ ದಿನ ದವಾಖಾನೆಗೆ ಹೋಗಿ. ಹೋಗುವಾಗ ಶಸ್ತ್ರಕ್ರಿಯೆಯ ಕಾಗದಪತ್ರಗಳು ಜೊತೆಗಿರಲಿ.